ಅಟ್ಲಾಂಟಾಕ್ಕೆ ಹೇಗೂ ಕಾರು ಹೋಗುತ್ತದೆ

1993ರ ಮಾರ್ಚ್ 13, ಶನಿವಾರ, ಅಟ್ಲಾಂಟಾದಿಂದ ವಾಷಿಂಗ್ಟನ್‌ವರೆಗೆ ಹಿಮ ಬಿತ್ತು. ಅಟ್ಲಾಂಟಾದಲ್ಲಿ ಮಳೆ ಹಿಮವಾಗಿ ತಿರುಗಿತು. ಎರಡೂ ಕ್ಯಾರೊಲಿನಾಗಳಲ್ಲಿ ಗುಡ್ಡದ ಕಡೆಗೆ ಹಿಮ, ಕಡಲಿನ ಕಡೆಗೆ ಮಳೆ ಮತ್ತು ಗಾಳಿ. ವಾಷಿಂಗ್ಟನ್ ಸುತ್ತಮುತ್ತ ಮೊದಲು ಹಿಮ, ಅದರ ಮೇಲೆ ಮಂಜಿನ ಹರಳು, ಅದರ ಮೇಲೆ ಮಳೆ, ಆಮೇಲೆ ಮತ್ತೆ ಹಿಮ. ಕ್ಯಾಲೆಂಡರಿನ ಪ್ರಕಾರ ವಸಂತಕ್ಕೆ ಒಂದು ವಾರ ಬಾಕಿ ಇತ್ತು. ವಿಮಾನ ನಿಲ್ದಾಣಗಳು ಒಂದರ ಹಿಂದೆ ಒಂದು ಮುಚ್ಚಿದವು.

ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ವಾಷಿಂಗ್ಟನ್ ಪಕ್ಕದ ಸೆಂಟರ್‌ವಿಲ್‌ನ ಒಂದು ಶಾಲೆಯ ಊಟದ ಹಾಲಿನಲ್ಲಿ ನಮ್ಮ ಕನ್ನಡ ಸಂಘದ ಯುಗಾದಿ. ಪಂಚಾಂಗದವರು ಆ ವರ್ಷದ ಯುಗಾದಿಯನ್ನು 24ನೇ ತಾರೀಖು, ಬುಧವಾರಕ್ಕೆ ಇಟ್ಟಿದ್ದರು. ಬುಧವಾರ ಯಾರಿಗೂ ರಜೆ ಇರಲಿಲ್ಲ. ಆಮೇಲಿನ ಶನಿವಾರ ಹಾಲನ್ನು ಒಂದು ಬಾಸ್ಕೆಟ್‌ಬಾಲ್ ಕ್ಲಬ್ಬು ಹಿಡಿದಿತ್ತು. ಹಾಗಾಗಿ ಹೊಸ ಸಂವತ್ಸರ ನಮ್ಮ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಹನ್ನೊಂದು ದಿನ ಮೊದಲೇ ಹುಟ್ಟಬೇಕಾಗಿತ್ತು. ಇದರಲ್ಲಿ ನಮಗೆ ಯಾರಿಗೂ ವಿಶೇಷವೇನೂ ಕಾಣಲಿಲ್ಲ. ಹಿಂದಿನ ವರ್ಷ ದೀಪಾವಳಿಯನ್ನು ಮೂರು ವಾರ ತಡವಾಗಿ ಆಚರಿಸಿದ್ದೆವು.

ನನ್ನ ವಾರಗಿತ್ತಿಗೆ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿಗೆ, ಆಗ ಅಟ್ಲಾಂಟಾದಲ್ಲಿ ಒಂದು ಸಂದರ್ಶನವಿತ್ತು. ಸೋಮವಾರ, 15ನೇ ತಾರೀಖು, ಬೆಳಿಗ್ಗೆ ಒಂಬತ್ತಕ್ಕೆ. ಆಕೆ ಮೈಸೂರಿನಲ್ಲಿ ಓದಿದ ಡಾಕ್ಟರು. ಈ ದೇಶದಲ್ಲಿ ಡಾಕ್ಟರಾಗಬೇಕೆಂದರೆ ಪರೀಕ್ಷೆಗಳನ್ನು ಪಾಸು ಮಾಡಿ, ಆಮೇಲೆ ಯಾವುದಾದರೂ ಆಸ್ಪತ್ರೆಯಲ್ಲಿ ತರಬೇತಿಗೆ ಸೀಟು ಹಿಡಿಯಬೇಕು. ಪರೀಕ್ಷೆಗಳಾಗಿದ್ದವು. ಸೀಟು ಮೂರು ವರ್ಷದಿಂದ ಆಗಿರಲಿಲ್ಲ. ಆಸ್ಪತ್ರೆಗಳು ಕಾಲೇಜು ಬಿಟ್ಟು ಐದು ವರ್ಷ ದಾಟಿದವರ ಅರ್ಜಿಯನ್ನು ತೆರೆದು ನೋಡುವುದಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಆಕೆಯ ಐದನೆಯ ವರ್ಷ ಆ ಬೇಸಿಗೆಗೆ ಮುಗಿಯುತ್ತಿತ್ತು. ಅಟ್ಲಾಂಟಾದ ಆಸ್ಪತ್ರೆಯಲ್ಲಿ ಯಾರೋ ಬಿಟ್ಟುಹೋಗಿ ಒಂದು ಸೀಟು ಖಾಲಿಯಾಗಿತ್ತು. ಆರು ಜನರನ್ನು ಕರೆದಿದ್ದರು. ಆರರಲ್ಲಿ ಈಕೆ ಒಬ್ಬಳು. ಇದು ಹೋದರೆ ಮುಂದೆ ಇನ್ನೊಂದು ಇರಲಿಲ್ಲ. ಆ ಮೂರು ವರ್ಷ ಆಕೆ ಫೇರ್‌ಫ್ಯಾಕ್ಸ್‌ನ ಒಂದು ಲ್ಯಾಬಿನಲ್ಲಿ ರಕ್ತದ ಶೀಸೆಗಳಿಗೆ ಲೇಬಲ್ ಅಂಟಿಸುತ್ತಿದ್ದಳು.

ವಿಮಾನದ ಟಿಕೆಟ್ ತೆಗೆದಾಗಿತ್ತು. ಶನಿವಾರ ಬೆಳಿಗ್ಗೆ ಹೋಗಿ, ಎರಡು ರಾತ್ರಿ ಅಲ್ಲಿ ತಂಗಿ, ಸೋಮವಾರ ಸಂದರ್ಶನ ಮುಗಿಸಿ ಬರುವುದು. ಅಷ್ಟು ಸರಳವಾಗಿ ಒಂದು ಕೆಲಸ ಮುಗಿದರೆ ಸಂಘ ಇರುವುದು ಯಾಕೆ?

ಸಂಘದ ಹಿರಿಯರೊಬ್ಬರಿದ್ದರು. 1968ರಲ್ಲಿ ಬಂದವರು, ಹೃದಯದ ಡಾಕ್ಟರು, ಪೊಟೊಮ್ಯಾಕ್‌ನಲ್ಲಿ ಮನೆ. ನಾವೆಲ್ಲ ಅಂಕಲ್ ಎನ್ನುತ್ತಿದ್ದೆವು. ಮಂಗಳವಾರ ಸಂಜೆ ಅವರ ಫೋನು ಬಂತು. ಸಮಾರಂಭದ ಮುಖ್ಯ ಅತಿಥಿ ಅಟ್ಲಾಂಟಾದಲ್ಲಿರುವ ಅವರ ಹಳೆಯ ಗೆಳೆಯರು, ನಿವೃತ್ತ ಪ್ರೊಫೆಸರು. ಶುಕ್ರವಾರ ಒಬ್ಬರೇ ಕಾರಿನಲ್ಲಿ ಹೊರಟು ಬರುತ್ತಾರೆ. ಭಾನುವಾರ ಒಬ್ಬರೇ ವಾಪಸು.

"ಖಾಲಿ ಕಾರು ಹೋಗ್ತಿರೋವಾಗ ಈ ಹುಡುಗಿಗೆ ಫ್ಲೈಟ್ ಟಿಕೆಟ್ ಯಾಕಮ್ಮ?" ಎಂದರು ಅಂಕಲ್. "ಕ್ಯಾನ್ಸಲ್ ಮಾಡ್ಸು. ದಾರೀಲಿ ಅವ್ನಿಗೂ ಕಂಪನಿ ಆಗತ್ತೆ. ಹತ್ತು ಗಂಟೆ ಡ್ರೈವು, ಇಂಟರ್‌ವ್ಯೂಗೆ ಏನೇನು ಕೇಳ್ತಾರೆ ಅಂತ ಅವ್ನೇ ಕೋಚ್ ಮಾಡ್ತಾನೆ."

"ಅವರು ಯಾವುದರ ಪ್ರೊಫೆಸರ್ ಅಂಕಲ್?"

"ಜಿಯಾಲಜಿ."

ಖಾಲಿ ಕಾರಿನ ವಿಷಯದಲ್ಲಿ ನಮ್ಮ ಜನರ ನಿಯಮ ಒಂದೇ. ಒಬ್ಬ ಕನ್ನಡಿಗನ ಕಾರು ಯಾವ ಊರಿಗಾದರೂ ಹೊರಟಿದ್ದರೆ, ಆ ಊರಿಗೆ ಟಿಕೆಟ್ ಕೊಳ್ಳುವುದು ಅವನಿಗೆ ಮಾಡಿದ ಅವಮಾನ. ಆ ಕಾರಿನಲ್ಲಿ ಹಿಂದಿನ ಸೀಟಿನ ಮೇಲೆ ಉಪ್ಪಿನಕಾಯಿ ಭರಣಿ, ಯಾರದೋ ಮಗಳ ಭರತನಾಟ್ಯದ ಆಭರಣ, ಇನ್ನಾರಿಗೋ ಕೊಡಬೇಕಾದ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಇವೆಲ್ಲ ಹೋಗುತ್ತವೆ. ಅವುಗಳ ಮಧ್ಯೆ ಒಬ್ಬ ಡಾಕ್ಟರಿಗೆ ಜಾಗ ಇಲ್ಲವೆನ್ನಲಾಗುವುದಿಲ್ಲ. ಅದಲ್ಲದೆ ಅವಳು ಶನಿವಾರ ಊರಲ್ಲೇ ಉಳಿದರೆ ನೂರೈವತ್ತು ಜನಕ್ಕೆ ಚಿತ್ರಾನ್ನ ಕಲಸುವವರು ಸಿಗುತ್ತಿದ್ದರು. ಅಂಕಲ್ ಇದನ್ನು ಹೇಳಲಿಲ್ಲ. ಅವರ ಹೆಂಡತಿ ಹೇಳಿದರು.

ನಾನು ಆಗ ವಾಷಿಂಗ್ಟನ್‌ನಲ್ಲಿ, ಧಾನ್ಯದ ವ್ಯಾಪಾರಿಗಳಿಗಾಗಿ ಹೊರಡುತ್ತಿದ್ದ ಒಂದು ಸಣ್ಣ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದೆ. ಹವಾಮಾನದ ಪುಟ ನನ್ನದು. ಅದಕ್ಕೂ ಮುಂಚೆ ಬೆಂಗಳೂರಿನ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದೆ. ಹವಾಮಾನ ಇಲಾಖೆಯವರು ಆ ವಾರದ ಆರಂಭದಿಂದಲೇ ವಾರಾಂತ್ಯದಲ್ಲಿ ದೊಡ್ಡ ಬಿರುಗಾಳಿ ಬರುತ್ತದೆಂದು ಹೇಳುತ್ತಿದ್ದರು. ಅವರು ಅಷ್ಟು ದಿನ ಮೊದಲೇ, ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಪ್ರತಿ ಸಂಜೆ ನಾನೇ ಅದನ್ನು ತಿದ್ದಿ, ತಲೆಬರಹ ಕೊಟ್ಟು, ಅಯೋವಾದ ಜೋಳದ ವ್ಯಾಪಾರಿಗಳಿಗೆ ಕಳಿಸುತ್ತಿದ್ದೆ. ಅವರು ನಂಬಿದರು. ಬುಧವಾರ ಅಂಕಲ್‌ಗೂ ಹೇಳಿದೆ.

"ನಾನು ಈ ದೇಶಕ್ಕೆ ಬಂದಾಗ ನೀನಿನ್ನೂ ಸ್ಲೇಟು ನೆಕ್ತಿದ್ದೆ ಕಣಮ್ಮ" ಎಂದರು. "ಮಾರ್ಚ್ ಸ್ನೋ ಅಂದ್ರೆ ಬೆಳಿಗ್ಗೆ ಬೀಳತ್ತೆ, ಲಂಚ್ ಹೊತ್ತಿಗೆ ಕರಗತ್ತೆ. ಈ ಟೀವಿಯವ್ರಿಗೆ ಜನ ಹಾಲು ಬ್ರೆಡ್ಡು ಕೊಂಡ್ಕೋಬೇಕು, ಅಷ್ಟೆ. ಅದೂ ಅಟ್ಲಾಂಟಾದಲ್ಲಿ ಸ್ನೋನಾ? ಅಲ್ಲಿ ಪೀಚ್ ಹೂ ಬಿಟ್ಟಿರತ್ತೆ ಈಗ."

ಪೀಚ್ ಹೂ ಬಿಟ್ಟಿತ್ತೆನ್ನುವುದು ನಿಜ. ನಾನು ಇನ್ನೊಮ್ಮೆ ಹೇಳಲಿಲ್ಲ. ಸುದ್ದಿಮನೆಯಲ್ಲಿ ಒಂದು ಸುದ್ದಿಯನ್ನು ಒಂದು ಸಲ ಸರಿಯಾಗಿ ಕೊಟ್ಟರೆ ಮುಗಿಯಿತು, ಓದುಗ ನಂಬಿದನೋ ಬಿಟ್ಟನೋ ಎಂದು ಮನೆಗೆ ಹೋಗಿ ನೋಡುವ ಪದ್ಧತಿ ಇಲ್ಲ. ಅದು ಸುದ್ದಿಮನೆಗೆ ಒಳ್ಳೆಯ ಪದ್ಧತಿ. ಗುರುವಾರ ಬೆಳಿಗ್ಗೆ ಟ್ರಾವೆಲ್ ಏಜೆಂಟಿಗೆ ಫೋನು ಮಾಡಿ ಟಿಕೆಟ್ ವಾಪಸು ಮಾಡಿದವಳು ನಾನೇ. ಮೈದುನನಿಗೆ ಆಫೀಸಿನಲ್ಲಿ ಮೀಟಿಂಗ್ ಇತ್ತು. ವಾರಗಿತ್ತಿ ಅಕ್ಕಿ ತರಲು ಹೋಗಿದ್ದಳು.

ಶುಕ್ರವಾರ ಬೆಳಿಗ್ಗೆ ಹೊರಡಬೇಕಿದ್ದ ಮುಖ್ಯ ಅತಿಥಿಗಳು ಮಧ್ಯಾಹ್ನ ನಾಲ್ಕಕ್ಕೆ ಹೊರಟರು. ಭಾಷಣದ ಕೈಬರಹದ ಪ್ರತಿಯನ್ನು ನೂರೈವತ್ತು ಜೆರಾಕ್ಸ್ ಮಾಡಿಸಿ ಹಂಚಬೇಕೆಂದು ಅವರಿಗೆ ಕೊನೆ ಗಳಿಗೆಯಲ್ಲಿ ಹೊಳೆದಿತ್ತು. ಪುಟಗಳು ಹದಿನೆಂಟು. ಜೆರಾಕ್ಸ್ ಅಂಗಡಿಯ ಯಂತ್ರ ಹತ್ತು ನಿಮಿಷಕ್ಕೊಮ್ಮೆ ಕಾಗದ ನುಂಗಿತಂತೆ. ರಾತ್ರಿ ಅವರು ದಕ್ಷಿಣ ಕ್ಯಾರೊಲಿನಾದ ಗ್ರೀನ್‌ವಿಲ್‌ವರೆಗೆ ಬಂದು, ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ಮಲಗಿದರು. ಬೆಳಗಿನ ಜಾವ ಎದ್ದರೆ ಸಮಾರಂಭದ ಹೊತ್ತಿಗೆ ಸರಿಯಾಗಿ ಬರಬಹುದೆಂದು ಅವರ ಲೆಕ್ಕ. ಬೆಳಗಿನ ಜಾವ ಎದ್ದರು. ಕಾರು ಕಾಣಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ನಮ್ಮ ಮನೆಯ ಕಿಟಕಿಯಲ್ಲೂ ಕಾರು ಕಾಣುತ್ತಿರಲಿಲ್ಲ. ಅಡುಗೆಮನೆಯಲ್ಲಿ ನನ್ನ ವಾರಗಿತ್ತಿ ನಾಲ್ಕು ದೊಡ್ಡ ಪಾತ್ರೆ ಅನ್ನ ಬಸಿದು, ಹರವಿ, ಆರಲು ಬಿಟ್ಟು, ನಿಂಬೆಹಣ್ಣು ಹಿಂಡುತ್ತಿದ್ದಳು. ಅವರ ಅಪಾರ್ಟ್‌ಮೆಂಟಿನಲ್ಲಿ ಒಲೆ ಚಿಕ್ಕದೆಂದು ನಮ್ಮಲ್ಲೇ ಕಲಸುತ್ತಿದ್ದಳು. ಅವರ ಬ್ಲಾಕು ನಮ್ಮ ಪಕ್ಕದ್ದು.

"ಅಕ್ಕ, ಕ್ಯಾನ್ಸಲ್ ಅಂತ ಯಾರಾದ್ರೂ ಹೇಳ್ತಾರಾ?"

"ಕೇಳ್ತೀನಿ ತಾಳು" ಎಂದು ಅಂಕಲ್‌ಗೆ ಫೋನು ಮಾಡಿದೆ.

"ಚೀಫ್ ಗೆಸ್ಟ್ ಆನ್ ದ ವೇ ಇದಾನೆ" ಎಂದರು ಅಂಕಲ್. "ಅಷ್ಟು ದೂರದಿಂದ ಅವ್ನು ಬರ್ತಾನೆ, ನಾವು ಇಲ್ಲೇ ಇರೋರು ಹಾಲ್‌ಗೆ ಹೋಗಲ್ಲ ಅಂದ್ರೆ ಏನು ಚೆಂದ?"

ಮುಖ್ಯ ಅತಿಥಿಗಳು ಆ ಹೊತ್ತಿಗೆ ಮೋಟೆಲಿನ ಕಸದ ಡಬ್ಬಿಯ ಮುಚ್ಚಳವನ್ನೇ ಸಲಿಕೆ ಮಾಡಿಕೊಂಡು ಕಾರಿನ ಮೇಲಿನ ಹಿಮ ಎತ್ತುತ್ತಿದ್ದರು. ಅದು ನಮಗೆ ಆಮೇಲೆ ಗೊತ್ತಾದದ್ದು. ಅವರು ಸಂಘದವರಿಗೆ ಫೋನು ಮಾಡಲಿಲ್ಲ. ಇಷ್ಟು ಬೇಗ ಹಿಂಜರಿದರೆ ಏನೆಂದುಕೊಂಡಾರು ಎಂಬ ಸಂಕೋಚ. ಸಂಘದವರು ಸಮಾರಂಭ ನಿಲ್ಲಿಸಲಿಲ್ಲ, ಅವರು ಬರುತ್ತಿದ್ದಾರಲ್ಲ ಎಂಬ ಸಂಕೋಚ. ಹೀಗೆ ಎರಡು ಸಂಕೋಚಗಳ ನಡುವೆ ಸುಮಾರು ಐನೂರು ಮೈಲಿ ಹಿಮ ಬೀಳುತ್ತಿತ್ತು.

ಹನ್ನೆರಡಕ್ಕೆ ನನ್ನ ಗಂಡ ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಚಿತ್ರಾನ್ನದೊಂದಿಗೆ ಹೊರಟ. ಸೆಂಟರ್‌ವಿಲ್‌ಗೆ ಇಪ್ಪತ್ತು ನಿಮಿಷದ ದಾರಿ ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತಿಗೆ ಹಿಮದ ಮೇಲೆ ಮಳೆ ಶುರುವಾಗಿತ್ತು. ಶಾಲೆಯ ಬಾಗಿಲಿಗೆ ಬೀಗ. ಅಮೆರಿಕದ ಶಾಲೆಗಳು ಹಿಮ ಬಿದ್ದರೆ ಮುಚ್ಚುತ್ತವೆ ಎಂಬುದು ಸಂಘದಲ್ಲಿ ಮಕ್ಕಳಿರುವ ಎಲ್ಲರಿಗೂ ಗೊತ್ತಿತ್ತು. ಮಾಹಿತಿ ಇರುವುದು ಬೇರೆ, ಅನ್ವಯಿಸುವುದು ಬೇರೆ. ಬಂದವರು ಹನ್ನೊಂದು ಜನ. ಪಾರ್ಕಿಂಗ್ ಲಾಟಿನಲ್ಲಿ ಕಾರುಗಳನ್ನು ಮೂಗಿಗೆ ಮೂಗು ತಾಗಿಸಿ ನಿಲ್ಲಿಸಿಕೊಂಡು, ಒಬ್ಬರ ಕಿಟಕಿಯಿಂದ ಇನ್ನೊಬ್ಬರ ಕಿಟಕಿಗೆ ಬೇವುಬೆಲ್ಲ ದಾಟಿಸಿ, ಹೊಸ ವರ್ಷದ ಶುಭಾಶಯ ಹೇಳಿ ವಾಪಸಾದರು. ಸಂಘದ ವಾರ್ತಾಪತ್ರಕ್ಕೆ ವರದಿ ಬರೆಯುವುದು ನನ್ನ ಕೆಲಸವಾಗಿತ್ತು. 'ಪ್ರತಿಕೂಲ ಹವೆಯ ನಡುವೆಯೂ ಸಮಾರಂಭ ಜರುಗಿತು' ಎಂದು ಬರೆದೆ. ಆ ವಾಕ್ಯದಲ್ಲಿ ಸುಳ್ಳಿಲ್ಲ.

ನಮ್ಮ ಸಂಘದ ಊಟದ ಏರ್ಪಾಡು ಹೇಗೆಂದರೆ ಒಂದೊಂದು ಮನೆಗೆ ಒಂದೊಂದು ಅಡುಗೆ. ಹಾಗಾಗಿ ಆ ವಾರಾಂತ್ಯ ಉತ್ತರ ವರ್ಜೀನಿಯಾದಲ್ಲಿ ಒಂದು ಮನೆಯಲ್ಲಿ ಬರೀ ಹುಳಿ, ಇನ್ನೊಂದರಲ್ಲಿ ಬರೀ ಕೋಸಂಬರಿ, ಮತ್ತೊಂದರಲ್ಲಿ ಇನ್ನೂರು ಹೋಳಿಗೆ. ಹಪ್ಪಳ ಒಪ್ಪಿಕೊಂಡಿದ್ದ ಒಂದು ಮನೆ ಎರಡು ದಿನ ಹಪ್ಪಳ ತಿಂದಿತು. ರಸ್ತೆ ಮುಚ್ಚಿದ್ದರಿಂದ ವಿನಿಮಯಕ್ಕೆ ಅವಕಾಶವಿರಲಿಲ್ಲ. ನಮ್ಮಲ್ಲಿ ಚಿತ್ರಾನ್ನ ಇತ್ತು.

ಸಂಜೆ ನಾಲ್ಕಕ್ಕೆ ಮುಖ್ಯ ಅತಿಥಿಗಳು ಕೊನೆಗೂ ಫೋನು ಮಾಡಿ, ತಾವು ಇನ್ನೂ ಗ್ರೀನ್‌ವಿಲ್‌ನಲ್ಲಿರುವುದಾಗಿಯೂ, ರಸ್ತೆ ತೆರೆದ ಕೂಡಲೇ ಬರುವುದಾಗಿಯೂ ತಿಳಿಸಿದರು. ಅಂಕಲ್ ಅದನ್ನು ನಮಗೆ ತಿಳಿಸಿದರು. ಭಾನುವಾರ ಅಟ್ಲಾಂಟಾಕ್ಕೆ ವಾಪಸು ಹೋಗಬೇಕಿದ್ದ ಖಾಲಿ ಕಾರು ಇನ್ನೂ ಇಲ್ಲಿಗೆ ಬಂದೇ ಇರಲಿಲ್ಲ. ವಾರಗಿತ್ತಿ ಸಿಂಕಿನ ಮುಂದೆ ನಿಂತು ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು.

ಮೈದುನ ವಿಮಾನದವರಿಗೆಲ್ಲ ಫೋನು ಮಾಡಿದ. ಅಟ್ಲಾಂಟಾಕ್ಕೆ ಬುಧವಾರದವರೆಗೆ ಸೀಟಿಲ್ಲ. ಶನಿವಾರ ಹಾರಬೇಕಾಗಿದ್ದವರೆಲ್ಲ ಸಾಲಿನಲ್ಲಿದ್ದರು. ಟಿಕೆಟ್ ಇಟ್ಟುಕೊಂಡಿದ್ದರೂ ಶನಿವಾರದ ವಿಮಾನ ಹಾರುತ್ತಿರಲಿಲ್ಲ ಎಂದು ಆತ ಹೇಳಿದ. ಟಿಕೆಟ್ ಇದ್ದವರನ್ನು ಮೊದಲು ಹತ್ತಿಸುತ್ತಾರೆ ಎಂದು ವಾರಗಿತ್ತಿ ಹೇಳಿದಳು. ಇಬ್ಬರೂ ನನ್ನ ಕಡೆ ನೋಡಲಿಲ್ಲ. ರೈಲಿನವರ ಫೋನು ಒಂದು ಗಂಟೆ ಹೊತ್ತು ಸಂಗೀತ ಕೇಳಿಸಿತು. ಆಸ್ಪತ್ರೆಯ ಸಂದರ್ಶನದ ಆಫೀಸಿನಲ್ಲಿ ಆನ್ಸರಿಂಗ್ ಮೆಷೀನು, ಸೋಮವಾರ ಎಂಟಕ್ಕೆ ಕರೆ ಮಾಡಿ ಎಂದಿತು.

"ಸೋಮವಾರ ಎಂಟಕ್ಕೆ ಮಾಡಿ ರಿಸ್ಕೆಡ್ಯೂಲ್ ಮಾಡಿಸಿದ್ರಾಯ್ತು" ಎಂದ ನನ್ನ ಗಂಡ. "ಎಲ್ರಿಗೂ ಇದೇ ಪ್ರಾಬ್ಲಮ್ ಅಲ್ವಾ. ಅವ್ರೂ ಮನುಷ್ಯರೇ."

"ಭಾವ, ಉಳಿದ ಐದು ಜನ ಅಟ್ಲಾಂಟಾದವ್ರೇ ಆಗಿದ್ರೆ?" ಎಂದಳು ವಾರಗಿತ್ತಿ.

ಮೈದುನ ತಾನೇ ಕಾರಿನಲ್ಲಿ ಕರೆದುಕೊಂಡು ಹೋಗುವುದಾಗಿ ಘೋಷಿಸಿ, ಕಾರನ್ನು ಹಿಮದಿಂದ ಬಿಡಿಸಲು ಹೋದ. ಸಲಿಕೆ ಇರಲಿಲ್ಲವಾಗಿ ದೋಸೆಯ ಕಾವಲಿ ಹಿಡಿದಿದ್ದ, ಕಾಲಿಗೆ ಬಾಟಾ ಚಪ್ಪಲಿ, ಸಾಕ್ಸಿನ ಮೇಲೆ. ಮಳೆ ನಿಂತು ಎಲ್ಲ ಗಾಜಾಗಿ ಹೆಪ್ಪುಗಟ್ಟಿತ್ತು. ಹತ್ತು ನಿಮಿಷದಲ್ಲಿ ಜಾರಿ ಬಿದ್ದು, ಸೊಂಟ ಹಿಡಿದುಕೊಂಡು ಬಿದ್ದಲ್ಲೇ ಕೂತ. ನನ್ನ ಗಂಡ ಮತ್ತು ಎದುರು ಮನೆಯ ಅಮೆರಿಕನ್ ಮುದುಕರು ಸೇರಿ ಎತ್ತಿ ಒಳಗೆ ತಂದರು. ಮುದುಕರು ಕಾವಲಿಯನ್ನೂ ತಂದು, ಬಾಗಿಲ ಬಳಿ ಒರಗಿಸಿ, ಏನನ್ನೂ ಕೇಳದೆ ಹೋದರು. ವಾರಗಿತ್ತಿ ಗಂಡನನ್ನು ಪರೀಕ್ಷಿಸಿ, ಮೂಳೆ ಮುರಿದಿಲ್ಲ, ಒಂದು ವಾರ ಅಲ್ಲಾಡಬೇಡಿ ಎಂದಳು. ನಮ್ಮ ಮನೆಯಲ್ಲಿ ಆಕೆಯ ವೈದ್ಯಕೀಯವನ್ನು ಯಾರಾದರೂ ಚಕಾರವೆತ್ತದೆ ಒಪ್ಪಿಕೊಂಡದ್ದು ಅದೇ ಮೊದಲು.

ನನ್ನ ಗಂಡ ತಮ್ಮನನ್ನು ನೋಡಿಕೊಳ್ಳಲು ಉಳಿಯಬೇಕಾಯಿತು. ಕಾರು ನಡೆಸಲು ಬರುತ್ತಿದ್ದ ಇನ್ನೊಬ್ಬರು ನಾನು.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಬಿಸಿಲು ಕಣ್ಣು ಕುಕ್ಕುತ್ತಿತ್ತು, ಚಳಿ ಜನವರಿಯದು. ಹೆದ್ದಾರಿಯಲ್ಲಿ ಒಂದು ಸಾಲಿನ ಹಿಮ ಬಳಿದಿದ್ದರು, ಇನ್ನೊಂದು ಸಾಲಿನದನ್ನು ಬಳಿಯುತ್ತಿದ್ದರು. ಡಿಕ್ಕಿಯಲ್ಲಿ ಒಂದು ಸಲಿಕೆ, ಎದುರು ಮನೆಯ ಮುದುಕರದು. ಎರಡು ಕಂಬಳಿ. ಆಕೆಯ ಸಂದರ್ಶನದ ಕೋಟು, ಪ್ಲಾಸ್ಟಿಕ್ ಹೊದಿಕೆಯಲ್ಲಿ. ಒಂದು ಪಾತ್ರೆ ಚಿತ್ರಾನ್ನ. ಅಂಕಲ್ ಹೊರಡುವ ಮುಂಚೆ ಫೋನು ಮಾಡಿ, ನಿಧಾನವಾಗಿ ಹೋಗಿ, ಹೋಗ್ತಾ ಗ್ರೀನ್‌ವಿಲ್‌ನಲ್ಲಿ ಅವ್ನನ್ನು ಸ್ವಲ್ಪ ನೋಡ್ಕೊಳ್ಳಿ ಎಂದಿದ್ದರು.

ಪೀಟರ್ಸ್‌ಬರ್ಗ್‌ನಲ್ಲಿ 85ನೇ ಹೆದ್ದಾರಿಗೆ ತಿರುಗಿದ ಮೇಲೆ ಆಕೆ ಕೇಳಿದಳು.

"ಅಕ್ಕ, ಟಿಕೆಟ್ ವಾಪಸ್ ಮಾಡ್ಬೇಡಿ ಅಂತ ನಾನೇ ಯಾಕೆ ಹೇಳ್ಲಿಲ್ಲ?"

"ನೀನು ಅಕ್ಕಿ ತರೋಕೆ ಹೋಗಿದ್ದೆ."

"ಬಂದ್ಮೇಲೆ ಹೇಳ್ಬಹುದಿತ್ತು."

"ನಾನೂ ಮಾಡಲ್ಲ ಅನ್ನಬಹುದಿತ್ತು. ವಾರ ಪೂರ್ತಿ ಆ ಸ್ಟಾರ್ಮ್ ಬಗ್ಗೆ ಬರೆದೋಳು ನಾನೇ."

"ಹೌದಲ್ವಾ?" ಎಂದಳು. "ಅದನ್ನೇ ನಿನ್ನೆಯಿಂದ ಯೋಚ್ನೆ ಮಾಡ್ತಿದೀನಿ. ಬೈಬೇಕು ಅನ್ನಿಸ್ತಿದೆ. ಇಂಟರ್‌ವ್ಯೂ ಆದ್ಮೇಲೆ ಬೈತೀನಿ. ಈಗ ನೀವು ರೋಡ್ ನೋಡಿ."

ಉತ್ತರ ಕ್ಯಾರೊಲಿನಾದಲ್ಲಿ ಕೆಲವು ಕಡೆ ಸೇತುವೆಗಳ ಮೇಲೆ ಮಂಜುಗಡ್ಡೆ ಇತ್ತು. ಹೆದ್ದಾರಿಯ ಪಕ್ಕದಲ್ಲಿ ಬಿಟ್ಟುಹೋದ ಕಾರುಗಳು ಅಡ್ಡಾದಿಡ್ಡಿ ನಿಂತಿದ್ದವು. ದಕ್ಷಿಣದವರಿಗೆ ಹಿಮದಲ್ಲಿ ಓಡಿಸಲು ಬರುವುದಿಲ್ಲವೆಂದು ವಾಷಿಂಗ್ಟನ್‌ನವರು ನಗುತ್ತಾರೆ. ವಾಷಿಂಗ್ಟನ್‌ನವರನ್ನು ನೋಡಿ ಬಾಸ್ಟನ್‌ನವರು ನಗುತ್ತಾರೆ. ನಾವು ಬೆಂಗಳೂರಿನವರು ಯಾರನ್ನು ನೋಡಿಯೂ ನಗದೆ ಮೂವತ್ತೈದು ಮೈಲಿ ವೇಗದಲ್ಲಿ ಹೋದೆವು. ಶಾರ್ಲೆಟ್ ದಾಟುವಾಗ ಆಕೆ ಗಟ್ಟಿಯಾಗಿ ಔಷಧಿಗಳ ಪ್ರಮಾಣ ಹೇಳಿಕೊಳ್ಳುತ್ತಿದ್ದಳು, ಮಕ್ಕಳು ಮಗ್ಗಿ ಹೇಳುವ ರಾಗದಲ್ಲಿ.

ಗ್ರೀನ್‌ವಿಲ್ ಮುಟ್ಟಿದಾಗ ಸಂಜೆ ಏಳು. ಹನ್ನೆರಡು ಗಂಟೆಯ ದಾರಿಯಾಗಿತ್ತು. ಮೋಟೆಲಿನಲ್ಲಿ ಕರೆಂಟ್ ಬಂದು ಒಂದು ಗಂಟೆಯಾಗಿತ್ತಷ್ಟೆ. ಮುಖ್ಯ ಅತಿಥಿಗಳು ಕೋಟು, ಮಫ್ಲರ್, ಅದರ ಮೇಲೆ ಮೋಟೆಲಿನ ಕಂಬಳಿ ಹೊದ್ದು ರಿಸೆಪ್ಶನ್ನಿನಲ್ಲಿ ಕುಳಿತಿದ್ದರು. ನಮ್ಮನ್ನು ನೋಡಿ ಎದ್ದುನಿಂತರು.

"ಸಂಘದವ್ರು ಕಾರ್ ಕಳಿಸಿದ್ರಾ? ಅಯ್ಯೋ, ಇಷ್ಟು ತೊಂದ್ರೆ ಯಾಕೆ ತಗೊಂಡ್ರಿ? ನಾನೇ ಬರ್ತಿದ್ದೆ, ನಾಳೆ."

"ಸರ್, ನಾವು ಅಟ್ಲಾಂಟಾಕ್ಕೆ ಹೋಗ್ತಿದೀವಿ" ಎಂದೆ.

"ಫಂಕ್ಷನ್?"

"ನಿನ್ನೆ ಆಯ್ತು ಸರ್."

"ಆಯ್ತಾ? ಎಷ್ಟು ಜನ ಬಂದಿದ್ರು?"

"ಹನ್ನೊಂದು."

ಅವರು ಕುರ್ಚಿಯ ಪಕ್ಕದಲ್ಲಿದ್ದ ರಟ್ಟಿನ ಪೆಟ್ಟಿಗೆಯ ಕಡೆ ನೋಡಿದರು. "ನನ್ನ ಹತ್ರ ನೂರೈವತ್ತು ಕಾಪಿ ಇದೆ" ಎಂದರು.

ಎರಡು ದಿನ ಅವರು ಮೋಟೆಲಿನ ಯಂತ್ರದಲ್ಲಿ ಸಿಕ್ಕ ಬಿಸ್ಕತ್ತು, ಕಡಲೆಕಾಯಿಗಳಲ್ಲಿ ಕಳೆದಿದ್ದರು. ಚಿತ್ರಾನ್ನ ಮೂರು ಸಲ ಹಾಕಿಸಿಕೊಂಡರು. ಉಪ್ಪು ಒಂದು ಕಣ ಕಡಿಮೆ ಎಂದರು. ಆಮೇಲೆ, ವಾರಗಿತ್ತಿಯ ಸಂದರ್ಶನದ ವಿಷಯ ತಿಳಿದು, ಅಂಕಲ್ ಕೊಟ್ಟಿದ್ದ ಮಾತಿನಂತೆ ಆಕೆಯನ್ನು ಕೋಚ್ ಮಾಡಿದರು. ನಿಮ್ಮ ಬಲಹೀನತೆ ಏನು ಎಂದು ಕೇಳಿದರೆ, ಅತಿಯಾಗಿ ಕಷ್ಟಪಡುತ್ತೇನೆ ಎನ್ನಬೇಕಂತೆ. ಆಕೆ ತಲೆಯಾಡಿಸಿದಳು.

ಅಲ್ಲಿಂದ ಮನೆಗೆ ಫೋನು ಮಾಡಿದೆ. ಎಂಗೇಜ್. ಅರ್ಧ ಗಂಟೆ ಬಿಟ್ಟು ಮಾಡಿದೆ. ಎಂಗೇಜ್. ಮೈದುನನ ಅಪಾರ್ಟ್‌ಮೆಂಟಿಗೆ ಮಾಡಿದರೆ ಅಲ್ಲಿ ಯಾರೂ ಇಲ್ಲ, ಆತ ನಮ್ಮ ಸೋಫಾದ ಮೇಲೆ ಮಲಗಿದ್ದ. ಒಂಬತ್ತರವರೆಗೆ ಎಂಗೇಜ್. ಹೊತ್ತಾಯಿತು, ಬೆಳಿಗ್ಗೆ ಬೇಗ ಏಳಬೇಕೆಂದು ಬಿಟ್ಟುಬಿಟ್ಟೆ. ಎಂಗೇಜ್ ಆಗಿದ್ದಕ್ಕೆ ಕಾರಣ, ಸಮಾರಂಭ ನಿಲ್ಲಿಸದೇ ಇದ್ದದ್ದು ಯಾರ ತಪ್ಪು ಎಂಬುದರ ಬಗ್ಗೆ ಅಂಕಲ್ ಮತ್ತು ನನ್ನ ಗಂಡ ಎರಡು ಗಂಟೆ ಚರ್ಚಿಸಿದ್ದು. ಚರ್ಚೆ ಅಪೂರ್ಣ ಎಂದು ನನ್ನ ಗಂಡ ಆಮೇಲೆ ಹೇಳಿದ.

ಸೋಮವಾರ ಐದಕ್ಕೆ ಎದ್ದು ಹೊರಟೆವು. ಮುಖ್ಯ ಅತಿಥಿಗಳು ತಮ್ಮ ಕಾರಿನಲ್ಲಿ ನಮ್ಮ ಹಿಂದೆ. ನಮ್ಮ ಚಕ್ರದ ಗುರುತಿನಲ್ಲೇ ಬರುವುದು ಕ್ಷೇಮವೆಂದು ಅವರ ತೀರ್ಮಾನ. ಜಾರ್ಜಿಯಾ ಗಡಿಯ ಆಚೆ ಮರಗಳು ಮುರಿದುಬಿದ್ದಿದ್ದವು. ಹಿಮದ ಮೇಲೆ ಗುಲಾಬಿ ಬಣ್ಣದ ಹೂಗಳು ಉದುರಿದ್ದವು. ಪೀಚೋ, ಬೇರೇನೋ, ನನಗೆ ತಿಳಿಯಲಿಲ್ಲ. ಊರ ಹೊರಗಿನ ಒಂದು ಪೆಟ್ರೋಲ್ ಬಂಕಿನ ಬಚ್ಚಲಿನಲ್ಲಿ ಆಕೆ ಕೋಟು ಹಾಕಿಕೊಂಡು ಬಂದಳು. ನಿಂಬೆಹುಳಿಯ ವಾಸನೆ ಬರುತ್ತಿದೆಯೇ ಎಂದು ಕೈ ಚಾಚಿದಳು. ಬರುತ್ತಿತ್ತು. ಇಲ್ಲ ಎಂದೆ.

ಎಂಟು ಮುಕ್ಕಾಲಿಗೆ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಮೂರನೇ ಮಹಡಿಯ ಸಂದರ್ಶನದ ಆಫೀಸಿನಲ್ಲಿ ದೀಪವಿರಲಿಲ್ಲ. ಕೆಳಗಿನ ಕೌಂಟರಿನಲ್ಲಿ ಒಬ್ಬಳೇ ಹೆಂಗಸು, ಶನಿವಾರದಿಂದ ಮನೆಗೆ ಹೋಗಿರಲಿಲ್ಲವಂತೆ. ಆಕೆ ಪಟ್ಟಿ ನೋಡಿದಳು.

ಸಂದರ್ಶನ ಮುಂದಕ್ಕೆ ಹೋಗಿತ್ತು. ಸಮಿತಿಯ ಮೂವರಲ್ಲಿ ಇಬ್ಬರ ಮನೆಯಲ್ಲಿ ಕರೆಂಟಿಲ್ಲ, ಒಬ್ಬರ ರಸ್ತೆಗೆ ಮರ ಅಡ್ಡ ಬಿದ್ದಿತ್ತು. ಆರೂ ಜನಕ್ಕೆ ಭಾನುವಾರ ಸಂಜೆ ಫೋನು ಮಾಡಿ ತಿಳಿಸಲಾಗಿದೆ ಎಂದು ಪಟ್ಟಿಯಲ್ಲಿ ಬರೆದಿತ್ತು. ಐದು ಹೆಸರುಗಳ ಮುಂದೆ ಟಿಕ್ ಗುರುತು. ಆರನೆಯ ಹೆಸರಿನ ಮುಂದೆ, ಮೊದಲು ಕೊಟ್ಟ ನಂಬರಿನಲ್ಲಿ ಉತ್ತರವಿಲ್ಲ, ಎರಡನೆಯದು ಎಂಗೇಜ್ ಎಂದಿತ್ತು.

ವಾರಗಿತ್ತಿ ಅದನ್ನು ತಲೆಕೆಳಗಾಗಿಯೇ ಓದಿದಳು. ನಂತರ, ತಾನು ಬಂದಿದ್ದೇನೆಂದು ಅಲ್ಲೇ ಬರೆದುಕೊಳ್ಳಬಹುದೇ ಎಂದು ಕೇಳಿದಳು. ಎಲ್ಲಿಂದ ಬಂದಿರಿ ಎಂದು ಕೌಂಟರಿನವಳು ಕೇಳಿದಳು. ವಾಷಿಂಗ್ಟನ್ ಎಂದಾಗ ತಲೆಯೆತ್ತಿ ನಮ್ಮಿಬ್ಬರ ಮುಖ ನೋಡಿ, ಎದ್ದುಹೋಗಿ ಎರಡು ಲೋಟ ಕಾಫಿ ತಂದುಕೊಟ್ಟಳು. ಬರೆದುಕೊಂಡಳು. ಗಂಟೆಯನ್ನೂ ಬರೆದುಕೊಂಡಳು.

ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತ ಮೇಲೆ ಆಕೆ ನನಗೆ ಬೈದಳು. ಸುಮಾರು ಕಾಲು ಗಂಟೆ. ಟಿಕೆಟ್ಟಿನಿಂದ ಶುರುಮಾಡಿ, ಅಂಕಲ್, ಚಿತ್ರಾನ್ನ, ಗಂಡನ ಚಪ್ಪಲಿ, ನಮ್ಮ ಫೋನು, ಮೂರು ವರ್ಷದ ಲೇಬಲ್ಲುಗಳವರೆಗೆ. ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಉತ್ಪ್ರೇಕ್ಷಿಸಲಿಲ್ಲ. ನಾನು ತಿದ್ದುವಂಥದ್ದೇನೂ ಇರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, "ಹಿಂದಕ್ಕೆ ಹೋಗುವಾಗ ಅರ್ಧ ದಾರಿ ನಾನು ಡ್ರೈವ್ ಮಾಡ್ತೀನಿ, ಹೇಳಿಕೊಡಿ" ಎಂದಳು. ಆಕೆಗೆ ಲರ್ನರ್ಸ್ ಪರ್ಮಿಟ್ ಮಾತ್ರ ಇತ್ತು. ದಕ್ಷಿಣ ಕ್ಯಾರೊಲಿನಾದ ಒಂದು ನೇರ ರಸ್ತೆಯಲ್ಲಿ ಮೂವತ್ತು ಮೈಲಿ ಓಡಿಸಿದಳು. ಬಿಸಿಲಿಗೆ ಹಿಮ ಕರಗಿ ಎರಡೂ ಬದಿ ನೀರು ಹರಿಯುತ್ತಿತ್ತು.

ಅಂಕಲ್ ಆ ವಾರವೇ ಫೋನು ಮಾಡಿ, ತಮ್ಮ ಮಾತು ನಿಜವಾಯಿತೆಂದರು. ಗುರುವಾರ ಪೊಟೊಮ್ಯಾಕ್‌ನಲ್ಲಿ ಅವರ ಮನೆಯ ಮುಂದಿನ ಹಿಮ ಲಂಚ್ ಹೊತ್ತಿಗೆ ಕರಗಿತ್ತಂತೆ.

ಆಸ್ಪತ್ರೆಯವರು ಹೊಸ ತಾರೀಖು ಕೊಟ್ಟರು. ಆರು ಜನರನ್ನೂ ಮತ್ತೆ ಕರೆಸುವುದು ಕಷ್ಟವೆಂದು ಸಂದರ್ಶನವನ್ನು ಫೋನಿನಲ್ಲೇ ಮಾಡುವುದಾಗಿ ಬರೆದಿದ್ದರು. ಆಕೆ ನಮ್ಮ ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು, ಕೋಟು ಹಾಕಿಕೊಂಡು ಮಾತಾಡಿದಳು. ಇಪ್ಪತ್ತು ನಿಮಿಷ. ಹೊರಗೆ ನಾವು ಮೂವರು ಟೀವಿಯ ಸದ್ದು ಇಳಿಸಿ ಕುಳಿತಿದ್ದೆವು. ಬಾಗಿಲ ಈಚೆಗೆ ಕೇಳಿಸಿದ್ದು ಸ್ವಲ್ಪವೇ. ಇಂಗ್ಲಿಷಿನಲ್ಲಿ, "ಹೌದು... ಇಲ್ಲ, ಹಿಂದಿನ ದಿನವೇ ಹೊರಟಿದ್ದೆವು... ಕಾರಿನಲ್ಲಿ." ಆಮೇಲೆ ಔಷಧಿಗಳ ಹೆಸರು.

ಏಪ್ರಿಲ್‌ನಲ್ಲಿ ಪತ್ರ ಬಂತು. ಸೀಟು ಬೇರೊಬ್ಬರಿಗೆ ಹೋಗಿತ್ತು. ಆಕೆಯ ಹೆಸರು ಕಾಯುವವರ ಪಟ್ಟಿಯಲ್ಲಿ ಮೊದಲನೆಯದು. ಮೇ ತಿಂಗಳೆಲ್ಲ ಆಕೆ ಲ್ಯಾಬಿಗೆ ಹೋಗಿಬರುತ್ತಿದ್ದಳು. ಆ ವಿಷಯ ಎತ್ತಬಾರದೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ, ಯಾರೂ ಎತ್ತಲೂ ಇಲ್ಲ.

ಜೂನ್ ಮೂರನೆಯ ವಾರ, ಸೀಟು ಸಿಕ್ಕಿದ್ದ ವ್ಯಕ್ತಿ ಬೇರೆ ಊರಿನ ಆಸ್ಪತ್ರೆಗೆ ಹೋದರೆಂದು ಫೋನು ಬಂತು. ಜುಲೈ ಒಂದನೇ ತಾರೀಖು ಬೆಳಿಗ್ಗೆ ಆರೂವರೆಗೆ ಆಕೆ ಅಟ್ಲಾಂಟಾದಲ್ಲಿ ಕೆಲಸಕ್ಕೆ ಹಾಜರಾದಳು.